ಲೈಪೋಸೋಮ್ ತಯಾರಿಕೆ: ಒಳಗೇನು, ಹೊರಗೇನು, ಬಿಸಿ ಎಷ್ಟು

ಕೊಬ್ಬಿನ ಜಾತಿಯ (ಲಿಪಿಡ್) ಅಣುಗಳಲ್ಲೊಂದಾದ ಫಾಸ್ಫೋಲಿಪಿಡ್‌ನ ತಲೆಗೆ ನೀರು ಬೇಕು, ಬಾಲಕ್ಕೆ ನೀರು ಬೇಡ. ಇಂಥ ಅಣುಗಳನ್ನು ನೀರಿಗೆ ಬಿಟ್ಟರೆ ಬಾಲಗಳು ಒಂದರ ಪಕ್ಕ ಒಂದು ಒತ್ತಿಕೊಂಡು, ತಲೆಗಳು ಎರಡೂ ಬದಿಯ ನೀರಿಗೆ ಮುಖಮಾಡಿ, ಎರಡು ಪದರದ ಗೋಡೆಯೊಂದು ತನ್ನಷ್ಟಕ್ಕೆ ಎದ್ದು ಚೀಲವಾಗಿ ಮುಚ್ಚಿಕೊಳ್ಳುತ್ತದೆ. ಈ ಚೀಲವೇ ಲೈಪೋಸೋಮ್. ಕೇಂಬ್ರಿಜ್ ಬಳಿಯ ಬಾಬ್ರಹಾಮ್‌ನಲ್ಲಿ ವಿಜ್ಞಾನಿ ಆಲೆಕ್ ಬ್ಯಾಂಗಮ್ 1960ರ ದಶಕದ ಆರಂಭದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಕಂಡದ್ದು ಈ ಚೀಲಗಳನ್ನೇ. ಚೀಲ ಕಟ್ಟುವುದು ಲಿಪಿಡ್‌ನ ಕೆಲಸ. ತಯಾರಿಸುವವರ ಪಾಲಿಗೆ ಉಳಿಯುವುದು ಮೂರು ಲೆಕ್ಕ: ಚೀಲದ ಒಳಗೆ ಯಾವ ದ್ರಾವಣ ಇದೆ, ಹೊರಗೆ ಯಾವುದಿದೆ, ಈ ಗಳಿಗೆಯಲ್ಲಿ ಬಿಸಿ ಎಷ್ಟಿದೆ. ಬ್ಯಾಚ್ ಕೆಟ್ಟಾಗಲೂ ಮೊದಲು ತಡಕಬೇಕಾದ್ದು ಈ ಮೂರನ್ನೇ.

ಇಲ್ಲಿ ಎರಡು ತಯಾರಿಗಳಿವೆ. ಒಂದು, ಕ್ಯಾನ್ಸರ್ ಔಷಧ ಡಾಕ್ಸೋರೂಬಿಸಿನ್ ತುಂಬಿದ, ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಲೇಪನದ ಲೈಪೋಸೋಮ್. 1995ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ಇಂಥದ್ದೇ ಔಷಧ ಡಾಕ್ಸಿಲ್‌ನ ಲಿಪಿಡ್ ಪ್ರಮಾಣವನ್ನೇ ಇದರಲ್ಲಿ ಅನುಸರಿಸಿದೆ. ಇನ್ನೊಂದು, ಜೀವಕೋಶದೊಳಕ್ಕೆ ಪ್ಲಾಸ್ಮಿಡ್ ಡಿಎನ್‌ಎ (ಜೀನ್ ಹೊತ್ತ ಉಂಗುರದಂಥ ಡಿಎನ್‌ಎ) ಸಾಗಿಸುವ ಧನ ವಿದ್ಯುದಂಶದ ಲೈಪೋಸೋಮ್. ಎರಡೂ ಪ್ರಯೋಗಾಲಯದ ಬಳಕೆಗೆ ಮಾತ್ರ.

ಯಾವ ಔಷಧಕ್ಕೆ ಯಾವ ದಾರಿ

ನೀರಿನಲ್ಲಿ ಕರಗುವ ಔಷಧವನ್ನು ನೀರಿನ ಜತೆಗೇ ಹಾಕಿ ಚೀಲ ಕಟ್ಟಿಸಿದರೆ ಒಳಗೆ ಸಿಕ್ಕಿಬೀಳುವುದು ಅತ್ಯಲ್ಪ. ಲೆಕ್ಕ ಹಾಕಿ ನೋಡಿ: 100 ನ್ಯಾನೋಮೀಟರಿನ ಚೀಲಗಳಲ್ಲಿ 1 ಮೈಕ್ರೋಮೋಲ್ ಲಿಪಿಡ್ ಹಿಡಿದಿಡುವ ನೀರು ಸುಮಾರು 1ರಿಂದ 2 ಮೈಕ್ರೋಲೀಟರ್. 1 ಮಿ.ಲೀ.ಗೆ 20 ಮೈಕ್ರೋಮೋಲ್ ಲಿಪಿಡ್ ಇದ್ದರೆ ಒಳಗಿನ ಒಟ್ಟು ಜಾಗ 20ರಿಂದ 40 ಮೈಕ್ರೋಲೀಟರ್, ಅಂದರೆ ಶೇ. 2ರಿಂದ 4. ಉಳಿದ ಔಷಧವೆಲ್ಲ ಹೊರಗೇ ಉಳಿದು ಶುದ್ಧಿಮಾಡುವ ಕಾಲಂನಲ್ಲಿ ತೊಳೆದುಹೋಗುತ್ತದೆ. ಕೊಬ್ಬಿನಲ್ಲಿ ಕರಗುವ ಔಷಧವನ್ನು ಲಿಪಿಡ್ ಜತೆ ಕ್ಲೋರೋಫಾರಂನಲ್ಲೇ ಬೆರೆಸಬಹುದು; ಅದು ಗೋಡೆಯೊಳಗೆ ಕೂರುತ್ತದೆ. ಆದರೆ ಗೋಡೆಯಲ್ಲಿ ಜಾಗ ಕಡಿಮೆ. ಆಸೆಬುರುಕತನದಿಂದ ಹೆಚ್ಚು ಹಾಕಿದರೆ ಮಿಕ್ಕದ್ದು ಹರಳಾಗಿ ತಳಕ್ಕಿಳಿಯುತ್ತದೆ. ಅರಿಶಿನದ ಕರ್ಕ್ಯುಮಿನ್ ಲೈಪೋಸೋಮ್ ಮಾಡಹೊರಟ ಅನೇಕರು ಕೊನೆಗೆ ಅಳೆಯುವುದು ಈ ಹರಳುಗಳನ್ನೇ.

ಡಾಕ್ಸೋರೂಬಿಸಿನ್ ದುರ್ಬಲ ಪ್ರತ್ಯಾಮ್ಲ. ಅದಕ್ಕೆ ಮೂರನೆಯ ದಾರಿಯೊಂದಿದೆ: ಮೊದಲು ಖಾಲಿ ಚೀಲ, ಆಮೇಲೆ ಔಷಧ. ಚೀಲದೊಳಗೆ ಅಮೋನಿಯಂ ಸಲ್ಫೇಟ್ ಇಟ್ಟು ಹೊರಗಿನದನ್ನು ತೆಗೆದರೆ, ಒಳಗಿನ ಅಮೋನಿಯಾ ಗೋಡೆ ದಾಟಿ ಹೊರಬೀಳುತ್ತದೆ, ಹೈಡ್ರೋಜನ್ ಅಯಾನು ಒಳಗೇ ಉಳಿಯುತ್ತದೆ, ಒಳಗು ಹುಳಿಯಾಗುತ್ತದೆ. ಹೊರಗಿನ ಡಾಕ್ಸೋರೂಬಿಸಿನ್ ವಿದ್ಯುದಂಶವಿಲ್ಲದ ರೂಪದಲ್ಲಿ ಒಳನುಗ್ಗಿ, ಅಲ್ಲಿ ಪ್ರೋಟಾನ್ ಹಿಡಿದುಕೊಂಡು, ಸಲ್ಫೇಟ್ ಜತೆ ಸೇರಿ ಗಟ್ಟಿಯಾಗುತ್ತದೆ. ಮತ್ತೆ ಹೊರಬರಲು ದಾರಿಯಿಲ್ಲ. ಸರಿಯಾಗಿ ಮಾಡಿದರೆ ಹಾಕಿದ ಔಷಧದಲ್ಲಿ ಶೇ. 90ಕ್ಕಿಂತ ಹೆಚ್ಚು ಒಳಗೆ ಸೇರುತ್ತದೆ.

ಲಿಪಿಡ್ ಮತ್ತು ಅದರ ಕರಗುವ ಬಿಸಿ

ಪ್ರತಿ ಫಾಸ್ಫೋಲಿಪಿಡ್‌ಗೂ ಒಂದು ಬಿಸಿಯ ಗಡಿಯಿದೆ. ಅದರ ಕೆಳಗೆ ಗೋಡೆ ಹೆಪ್ಪುಗಟ್ಟಿದ ತುಪ್ಪದಂತೆ ಬಿಗಿ, ಮೇಲೆ ಕರಗಿದ ತುಪ್ಪದಂತೆ ಸಡಿಲ. ಡಿಎಂಪಿಸಿಗೆ ಇದು 24 ಡಿಗ್ರಿ ಸೆಲ್ಸಿಯಸ್, ಡಿಪಿಪಿಸಿಗೆ 41, ಡಿಎಸ್‌ಪಿಸಿಗೆ 55, ಸೋಯಾದಿಂದ ತೆಗೆದು ಹೈಡ್ರೋಜನ್ ಕೂಡಿಸಿದ ಎಚ್‌ಎಸ್‌ಪಿಸಿಗೆ 50ರಿಂದ 55ರ ನಡುವೆ. ಡಿಓಪಿಸಿಗೆ ಸೊನ್ನೆಗಿಂತ 17 ಡಿಗ್ರಿ ಕೆಳಗೆ. ನೀರು ಕೂಡಿಸುವುದು, ಜರಡಿ ಹಿಡಿಯುವುದು, ಔಷಧ ತುಂಬುವುದು, ಮೂರನ್ನೂ ಈ ಗಡಿಗಿಂತ 5ರಿಂದ 10 ಡಿಗ್ರಿ ಮೇಲೆ ಮಾಡಬೇಕು. ಶೇಖರಿಸುವುದು ಗಡಿಗಿಂತ ಬಹಳ ಕೆಳಗೆ. ಎಚ್‌ಎಸ್‌ಪಿಸಿ ಹಿಡಿದವರು 65 ಡಿಗ್ರಿಯ ನೀರಿನ ತೊಟ್ಟಿಯನ್ನು ದಿನವಿಡೀ ಚಾಲೂ ಇಟ್ಟುಕೊಳ್ಳಬೇಕಾದೀತು.

ಕೊಲೆಸ್ಟರಾಲ್ ಗೋಡೆಯ ಸಂದುಗಳನ್ನು ತುಂಬಿ ಸೋರಿಕೆ ತಡೆಯುತ್ತದೆ. ಪೆಗ್ ಜೋಡಿಸಿದ ಲಿಪಿಡ್ ಪೆಗ್-ಡಿಎಸ್‌ಪಿಇ ಗೋಡೆಯ ಮೇಲೆ ನೀರಿನ ಪೊದೆಯಂತೆ ನಿಂತು ರಕ್ತದ ಪ್ರೋಟೀನುಗಳನ್ನು ದೂರ ಇಡುತ್ತದೆ. ಮೋಲ್ ಲೆಕ್ಕದಲ್ಲಿ ಇದು ಶೇ. 5ರ ಆಸುಪಾಸಿನಲ್ಲಿರಲಿ. ಶೇ. 10 ದಾಟಿದರೆ ಚೀಲದ ಬದಲು ತಟ್ಟೆಗಳೂ ಮೈಸೆಲ್‌ಗಳೂ (ಒಳಗೆ ನೀರಿಲ್ಲದ ಪುಟ್ಟ ಉಂಡೆಗಳು) ಹುಟ್ಟತೊಡಗುತ್ತವೆ.

5 ಮಿ.ಲೀ. ಬ್ಯಾಚಿಗೆ ಬೇಕಾದ್ದು:

ಎಚ್‌ಎಸ್‌ಪಿಸಿ 48 ಮಿ.ಗ್ರಾಂ (ಸುಮಾರು 61 ಮೈಕ್ರೋಮೋಲ್)
ಕೊಲೆಸ್ಟರಾಲ್ 16 ಮಿ.ಗ್ರಾಂ (41 ಮೈಕ್ರೋಮೋಲ್)
ಪೆಗ್ 2000-ಡಿಎಸ್‌ಪಿಇ 16 ಮಿ.ಗ್ರಾಂ (5.7 ಮೈಕ್ರೋಮೋಲ್)
250 ಮಿಲಿಮೋಲಾರ್ ಅಮೋನಿಯಂ ಸಲ್ಫೇಟ್ 5 ಮಿ.ಲೀ. (100 ಮಿ.ಲೀ. ನೀರಿಗೆ 3.3 ಗ್ರಾಂ)
ಹೊರಗಿನ ದ್ರಾವಣ 2 ಲೀಟರ್: ಲೀಟರಿಗೆ ಸುಕ್ರೋಸ್ 100 ಗ್ರಾಂ, ಹಿಸ್ಟಿಡಿನ್ 1.55 ಗ್ರಾಂ, ಪಿಎಚ್ 6.5
ಡಾಕ್ಸೋರೂಬಿಸಿನ್ ಹೈಡ್ರೋಕ್ಲೋರೈಡ್ 7 ಮಿ.ಗ್ರಾಂ

ಪಿಎಚ್ 6.5 ಯಾಕೆಂದರೆ, ಫಾಸ್ಫೋಲಿಪಿಡ್‌ನ ಬಾಲ ಕತ್ತರಿಸಿಹೋಗುವ ವೇಗ ಆ ಆಸುಪಾಸಿನಲ್ಲೇ ಅತಿ ಕಡಿಮೆ.

ಲಿಪಿಡ್ ಸೀಸೆಯನ್ನು ಫ್ರೀಜರಿನಿಂದ ತೆಗೆದ ಕೂಡಲೇ ತೆರೆಯಬೇಡಿ. ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದ ಗಾಜಿನೊಳಗೆ ಗಾಳಿಯ ತೇವ ಬೆವರಾಗಿ ಕೂರುತ್ತದೆ, ಪೆಗ್ ಲಿಪಿಡ್ ಅದನ್ನು ಬೆಲ್ಲದಂತೆ ಹೀರಿ ಜಿಗುಟಾಗುತ್ತದೆ, ಆಮೇಲೆ ತೂಗಿದ್ದೆಲ್ಲ ಸುಳ್ಳು. ಅರ್ಧ ಗಂಟೆ ಡೆಸಿಕೇಟರಿನಲ್ಲಿಟ್ಟು ಕೋಣೆಯ ಬಿಸಿಗೆ ಬಂದಮೇಲೆ ತೆರೆಯಿರಿ. ಕರಾವಳಿಯ ಮಳೆಗಾಲದಲ್ಲಿ, ಮಂಗಳೂರು-ಮಣಿಪಾಲದಂಥ ಕಡೆ, ಒಂದು ಗಂಟೆ ಬಿಟ್ಟರೂ ತಪ್ಪಿಲ್ಲ. ತೆರೆದ ಸೀಸೆಗೆ ಮುಚ್ಚುವ ಮುನ್ನ ಸಾರಜನಕ ಊದಿ.

ಪದರ ಹಿಡಿಸುವುದು

ಮೂರು ಲಿಪಿಡ್‌ಗಳನ್ನೂ 100 ಮಿ.ಲೀ. ದುಂಡು ತಳದ ಫ್ಲಾಸ್ಕಿಗೆ ಹಾಕಿ 5 ಮಿ.ಲೀ. ಕ್ಲೋರೋಫಾರಂ-ಮೆಥನಾಲ್ ಮಿಶ್ರಣದಲ್ಲಿ (2:1) ಪೂರ್ತಿ ಕರಗಿಸಿ. ಮಸುಕು ಉಳಿದರೆ 40 ಡಿಗ್ರಿಯ ನೀರಿನಲ್ಲಿ ಆಡಿಸಿ. ದ್ರಾವಣ ಕನ್ನಡಿಯಂತೆ ತಿಳಿಯಾಗದೆ ಮುಂದಕ್ಕೆ ಹೋದರೆ ಪದರದಲ್ಲಿ ಕೊಲೆಸ್ಟರಾಲ್ ಒಂದು ಕಡೆ, ಎಚ್‌ಎಸ್‌ಪಿಸಿ ಒಂದು ಕಡೆ ಗುಂಪುಗೂಡುತ್ತವೆ. ಕೆಲಸವೆಲ್ಲ ಫ್ಯೂಮ್ ಹುಡ್‌ನಲ್ಲಿ. ಕ್ಲೋರೋಫಾರಂ ಅಳೆಯಲು ಗಾಜಿನ ಸಿರಿಂಜು ಬಳಸಿ. ಪ್ಲಾಸ್ಟಿಕ್ ತುದಿ ಅದರಲ್ಲಿ ಕರಗಿ ಬಂದದ್ದು ಲಿಪಿಡ್ ಜತೆಗೇ ಉಳಿಯುತ್ತದೆ. ನೈಟ್ರೈಲ್ ಗ್ಲೌಸ್ ಕ್ಲೋರೋಫಾರಂ ಅನ್ನು ಹೆಚ್ಚು ಹೊತ್ತು ತಡೆಯದು, ಹನಿ ಬಿದ್ದರೆ ತಕ್ಷಣ ಬದಲಿಸಿ.

ರೋಟರಿ ಇವಾಪೊರೇಟರಿನ ನೀರು 40ರಿಂದ 45 ಡಿಗ್ರಿ ಇರಲಿ, ನಿಮಿಷಕ್ಕೆ 80ರಿಂದ 100 ಸುತ್ತು. ನಿರ್ವಾತವನ್ನು ಒಮ್ಮೆಗೇ ಎಳೆದರೆ ಒಲೆಯ ಮೇಲಿನ ಹಾಲಿನಂತೆ ದ್ರಾವಣ ಉಕ್ಕಿ ಕಂಡೆನ್ಸರಿಗೆ ಹಾರುತ್ತದೆ, ಅದರ ಜತೆ ದುಬಾರಿ ಲಿಪಿಡ್ಡೂ. 500 ಮಿಲಿಬಾರಿನಿಂದ ಶುರುಮಾಡಿ, ಹತ್ತು ನಿಮಿಷದಲ್ಲಿ ಮೆಲ್ಲಗೆ ಇಳಿಸುತ್ತ ಬನ್ನಿ. ಗಾಜಿನ ಒಳಮೈಗೆ ನೀರ್ ದೋಸೆಯಷ್ಟು ತೆಳ್ಳಗೆ, ಸಮನಾಗಿ, ಮಂಜಿನಂಥ ಬಿಳಿ ಪದರ ಹಿಡಿಯಬೇಕು. ತಳದಲ್ಲಿ ಮುದ್ದೆಯಾಗಿ ನಿಂತಿದ್ದರೆ ಇನ್ನೊಮ್ಮೆ ದ್ರಾವಕ ಹಾಕಿ ಕರಗಿಸಿ ಮತ್ತೆ ಹಿಡಿಸುವುದು ಲೇಸು. ಇಲ್ಲಿ ಉಳಿಸುವ ಹದಿನೈದು ನಿಮಿಷಕ್ಕೆ ಮುಂದೆ ಒಂದೂವರೆ ಗಂಟೆ ದಂಡ ತೆರಬೇಕಾಗುತ್ತದೆ.

ಪದರ ಒಣಗಿದಂತೆ ಕಂಡರೂ ಒಳಗೆ ಕ್ಲೋರೋಫಾರಂ ಇದ್ದೇ ಇರುತ್ತದೆ. ಕನಿಷ್ಠ 2 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ, ಹೆಚ್ಚಿನ ನಿರ್ವಾತದಲ್ಲಿ ಇಡಿ. ಔಷಧ ತಯಾರಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಕ್ಲೋರೋಫಾರಂಗೆ ಮಿತಿ 60 ಪಿಪಿಎಂ. ಆ ಮಿತಿ ನಿಮಗೆ ಅನ್ವಯಿಸದಿದ್ದರೂ, ಉಳಿದ ದ್ರಾವಕ ಗೋಡೆಯನ್ನು ಸಡಿಲಿಸಿ ಸೋರಿಸುತ್ತದೆ, ಜೀವಕೋಶಗಳನ್ನೂ ಕೊಲ್ಲುತ್ತದೆ.

ನೀರು ಕೂಡಿಸುವುದು

ಅಮೋನಿಯಂ ಸಲ್ಫೇಟ್ ದ್ರಾವಣವನ್ನು ಮೊದಲೇ 65 ಡಿಗ್ರಿಗೆ ಕಾಯಿಸಿಟ್ಟುಕೊಂಡು 5 ಮಿ.ಲೀ. ಸುರಿಯಿರಿ. ತಣ್ಣಗಿನದನ್ನು ಸುರಿದು ಆಮೇಲೆ ಬಿಸಿ ಮಾಡುವ ಅಡ್ಡದಾರಿ ಬೇಡ. ಪದರ ಚಕ್ಕೆಚಕ್ಕೆಯಾಗಿ ಎದ್ದು ಬಂದು ಆ ಚಕ್ಕೆಗಳು ಕೊನೆಯವರೆಗೂ ಕಾಡುತ್ತವೆ. ನಿರ್ವಾತವಿಲ್ಲದೆ, ಫ್ಲಾಸ್ಕಿನ ಬಾಯಿ ಮುಚ್ಚಿ, 65 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ತಿರುಗಿಸಿ. ನಾಲ್ಕೈದು ಗಾಜಿನ ಮಣಿ ಹಾಕಿದರೆ ಗೋಡೆಗೆ ಅಂಟಿದ್ದು ಬೇಗ ಬಿಡುತ್ತದೆ. ಕೊನೆಗೆ ಗಟ್ಟಿಹಾಲಿನಂಥ ದ್ರವ ಸಿಗಬೇಕು. ಇದರಲ್ಲಿರುವುದು ಈರುಳ್ಳಿಯಂತೆ ಸುತ್ತಿನ ಮೇಲೆ ಸುತ್ತು ಇರುವ ದೊಡ್ಡ ಚೀಲಗಳು, ಗಾತ್ರಕ್ಕೆ ಲಂಗುಲಗಾಮಿಲ್ಲ.

ದ್ರವ ಸಾರಜನಕ ಸಿಗುವ ಕಡೆ ಹೆಪ್ಪುಗಟ್ಟಿಸಿ 65 ಡಿಗ್ರಿಯಲ್ಲಿ ಕರಗಿಸುವುದನ್ನು ಐದು ಸಲ ಮಾಡಿದರೆ ಒಳಸುತ್ತುಗಳು ಒಡೆದು ಜರಡಿಯ ಕೆಲಸ ಹಗುರಾಗುತ್ತದೆ. ಸಿಗದಿದ್ದರೆ ಬಿಡಿ.

ಜರಡಿ ಹಿಡಿಯುವುದು

ಎಕ್ಸ್‌ಟ್ರೂಡರ್ ಎಂದರೆ ಎದುರುಬದುರು ಎರಡು ಗಾಜಿನ ಸಿರಿಂಜು, ನಡುವೆ ಸಮನಾದ ರಂಧ್ರಗಳ ಪಾಲಿಕಾರ್ಬೊನೇಟ್ ಪೊರೆ. ದ್ರವವನ್ನು ಆಚೆಯಿಂದೀಚೆಗೆ ತಳ್ಳುವಾಗ ದೊಡ್ಡ ಚೀಲ ರಂಧ್ರದಲ್ಲಿ ನುಸುಳಿ ಹರಿದು ಚಿಕ್ಕದಾಗಿ ಮುಚ್ಚಿಕೊಳ್ಳುತ್ತದೆ. 1 ಮಿ.ಲೀ. ಸಿರಿಂಜಾದರೆ ಈ ಬ್ಯಾಚಿಗೆ ಐದು ಸರದಿ ಬೇಕು.

ಬ್ಲಾಕ್ ಅನ್ನು ಹಾಟ್‌ಪ್ಲೇಟಿನ ಮೇಲಿಟ್ಟು 65 ಡಿಗ್ರಿಗೆ ತನ್ನಿ, ಸಿರಿಂಜುಗಳೂ ಅದರಲ್ಲೇ ಹತ್ತು ನಿಮಿಷ ಕಾಯಲಿ. ಪೊರೆಯನ್ನೂ ಅದರ ಎರಡೂ ಬದಿಯ ಆಧಾರದ ಬಿಲ್ಲೆಗಳನ್ನೂ ಅಮೋನಿಯಂ ಸಲ್ಫೇಟ್ ದ್ರಾವಣದಲ್ಲಿ ತೋಯಿಸಿ ಕೂರಿಸಿ; ಒಣ ಬಿಲ್ಲೆ ಗಾಳಿ ಹಿಡಿದಿಟ್ಟುಕೊಂಡು ಪೊರೆಯನ್ನು ಹರಿಯುತ್ತದೆ. ಮೊದಲು 400 ನ್ಯಾನೋಮೀಟರ್, ಆಮೇಲೆ 200, ಕೊನೆಗೆ 100. ಮೊದಲೆರಡರಲ್ಲಿ 5ರಿಂದ 7 ಸಲ ಸಾಕು, 100ರಲ್ಲಿ 11ರಿಂದ 21 ಸಲ. ಯಾವಾಗಲೂ ಬೆಸ ಸಂಖ್ಯೆ: ಶುರುಮಾಡಿದ ಸಿರಿಂಜಿನ ಮೂಲೆಯಲ್ಲಿ ಪೊರೆ ದಾಟದ ದೊಡ್ಡ ಚೀಲಗಳು ಉಳಿದಿರುತ್ತವೆ, ಹಾಗಾಗಿ ಮಾಲು ಎದುರಿನ ಸಿರಿಂಜಿನಿಂದ ಹೊರಬರಬೇಕು.

ಇಲ್ಲಿ ಕೈಯೇ ಮಾಪಕ. ತಳ್ಳುವಾಗ ಸಮನಾದ ಗಟ್ಟಿತನ ಇರಬೇಕು. ತಳ್ಳಲಾಗದಷ್ಟು ಬಿಗಿಯಾದರೆ ಬಲ ಹಾಕಬೇಡಿ, ಬಿಸಿ ನೋಡಿ. ಹಾಟ್‌ಪ್ಲೇಟಿನ ಮುಳ್ಳು 65 ತೋರಿಸಿದರೂ ಬ್ಲಾಕ್ 50 ಇರಬಹುದು. ಬ್ಲಾಕಿನ ರಂಧ್ರದಲ್ಲೇ ಥರ್ಮಾಮೀಟರ್ ಇಟ್ಟು ಅಳೆಯಿರಿ. ಎಚ್‌ಎಸ್‌ಪಿಸಿ ತನ್ನ ಗಡಿಗಿಂತ ಕೆಳಗಿದ್ದರೆ ಗಾಜು ಒಡೆದೀತೇ ಹೊರತು ದ್ರವ ದಾಟದು. ಬಿಗಿ ಇದ್ದದ್ದು ಥಟ್ಟನೆ ಸಲೀಸಾಯಿತೋ, ಪೊರೆ ಹರಿದಿದೆ: ಬಿಚ್ಚಿ, ಹೊಸದು ಹಾಕಿ, ಆ ಸರದಿಯನ್ನು ಮೊದಲಿನಿಂದ ಮಾಡಿ. ಹಾಲಿನ ಬಿಳುಪು ಹೋಗಿ ಬೆಳಕಿಗೆ ಹಿಡಿದಾಗ ನಸುನೀಲಿ ಝಳಕು ಬಂದರೆ ಗಾತ್ರ ಇಳಿದಿದೆ ಎಂದರ್ಥ.

ಎಕ್ಸ್‌ಟ್ರೂಡರ್ ಇಲ್ಲದವರು ಪ್ರೋಬ್ ಸೋನಿಕೇಟರಿಗೆ ಹೋಗುತ್ತಾರೆ. ಮಾಡಬಹುದು, ಆದರೆ ಪ್ರೋಬಿನಿಂದ ಟೈಟೇನಿಯಂ ಚೂರುಗಳು ಉದುರುತ್ತವೆ, ಬಿಸಿ ಹಿಡಿತ ತಪ್ಪುತ್ತದೆ, ಗಾತ್ರ ಒಂದು ದಿನದಂತೆ ಇನ್ನೊಂದು ದಿನ ಬಾರದು. ಅನಿವಾರ್ಯವಾದರೆ 10 ಸೆಕೆಂಡ್ ಚಾಲೂ, 20 ಸೆಕೆಂಡ್ ಬಿಡುವಿನಂತೆ ನಡೆಸಿ, ಕೊನೆಗೆ ಸೆಂಟ್ರಿಫ್ಯೂಜ್ ಮಾಡಿ ಚೂರು ತೆಗೆಯಿರಿ.

ಹೊರಗಿನ ನೀರು ಬದಲಿಸುವುದು

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲಿ. ಹೊರಗೆ ಅಮೋನಿಯಂ ಸಲ್ಫೇಟ್ ಉಳಿದಷ್ಟೂ ಒಳ-ಹೊರಗಿನ ಅಂತರ ಕುಗ್ಗುತ್ತದೆ, ಔಷಧಕ್ಕೆ ಒಳಗೆ ಹೋಗಲು ಕಾರಣವೇ ಇರುವುದಿಲ್ಲ.

12ರಿಂದ 14 ಕಿಲೋಡಾಲ್ಟನ್ ಮಿತಿಯ ಡಯಾಲಿಸಿಸ್ ನಳಿಕೆಗೆ ಲೈಪೋಸೋಮ್ ತುಂಬಿ, ಹಿಗ್ಗಲು ಮೂರನೇ ಒಂದು ಭಾಗ ಜಾಗ ಬಿಟ್ಟು ಕಟ್ಟಿ. ಸುಕ್ರೋಸ್-ಹಿಸ್ಟಿಡಿನ್ ದ್ರಾವಣ 500 ಮಿ.ಲೀ.ನಲ್ಲಿ, ಕಾಂತದ ಕಡ್ಡಿ ತಿರುಗುತ್ತಿರುವಂತೆ, 2 ಗಂಟೆ. ಬದಲಿಸಿ ಇನ್ನೆರಡು ಗಂಟೆ. ಮೂರನೆಯದು 4 ಡಿಗ್ರಿಯಲ್ಲಿ ರಾತ್ರಿಯಿಡೀ. ಮುಗಿಯಿತೋ ಇಲ್ಲವೋ ತಿಳಿಯಲು ಹೊರಗಿನ ದ್ರಾವಣದ 1 ಮಿ.ಲೀ.ಗೆ ಒಂದೆರಡು ಹನಿ ಬೇರಿಯಂ ಕ್ಲೋರೈಡ್ ಹಾಕಿ: ಬಿಳಿ ಗಷ್ಟು ಬಂದರೆ ಸಲ್ಫೇಟ್ ಇನ್ನೂ ಇದೆ, ಇನ್ನೊಂದು ಸಲ ಬದಲಿಸಿ. ಬೇರಿಯಂ ವಿಷ, ಪರೀಕ್ಷೆ ಮಾಡಿದ ನಳಿಕೆಯನ್ನು ಬೇರೆಯಾಗಿ ವಿಲೇವಾರಿ ಮಾಡಿ. ಪರೀಕ್ಷೆ ಬೇಡವೆಂದು ನಂಬಿಕೆಯ ಮೇಲೆ ಮುಂದುವರಿಯುವುದು ಸೋಮಾರಿತನ. ಒಂದು ನಿಮಿಷದ ಕೆಲಸ.

ಶುದ್ಧ ನೀರಿಗೆ ಡಯಾಲಿಸಿಸ್ ಮಾಡುವ ಯೋಚನೆ ಬೇಡವೇ ಬೇಡ. ಒಳಗೆ ಉಪ್ಪು, ಹೊರಗೆ ಬರಿ ನೀರು ಎಂದಾದರೆ ನೀರು ಒಳನುಗ್ಗಿ ಚೀಲ ಉಬ್ಬಿ ಸೋರುತ್ತದೆ. ಅಂತರ ಕಟ್ಟಿದ ಲೈಪೋಸೋಮನ್ನು ಆ ದಿನವೇ ಬಳಸಿ. ದಿನಗಳೆದಂತೆ ಅಮೋನಿಯಾ ಮೆಲ್ಲಗೆ ಹೊರಬೀಳುತ್ತ ಅಂತರ ಸವೆಯುತ್ತದೆ.

ಈ ಹಂತದಲ್ಲೇ ಲಿಪಿಡ್ ಎಷ್ಟು ಉಳಿದಿದೆ ಎಂದು ಅಳೆದುಬಿಡಿ. ಸ್ಟೀವರ್ಟ್ ವಿಧಾನದಲ್ಲಿ ಅಮೋನಿಯಂ ಫೆರೋಥಯೋಸಯನೇಟ್ ಜತೆ ಫಾಸ್ಫೋಲಿಪಿಡ್ ಸೇರಿ ಕ್ಲೋರೋಫಾರಂನಲ್ಲಿ ಕೆಂಪು ಕೊಡುತ್ತದೆ, 485 ನ್ಯಾನೋಮೀಟರಿನಲ್ಲಿ ಓದಬೇಕು. ಡಾಕ್ಸೋರೂಬಿಸಿನ್ ಕೂಡ ಅಲ್ಲೇ ಬೆಳಕು ಹೀರುತ್ತದೆ. ಔಷಧ ತುಂಬಿದ ಮೇಲೆ ಅಳೆದರೆ ಎರಡು ಬಣ್ಣ ಕಲಸಿಹೋಗುತ್ತವೆ. ಬಾರ್ಟ್‌ಲೆಟ್ ವಿಧಾನದಲ್ಲಿ ಮಾದರಿಯನ್ನು ಆಮ್ಲದಲ್ಲಿ ಸುಡುವುದರಿಂದ ಬಣ್ಣದ ಕಾಟವಿಲ್ಲ, ಆದರೆ ಸುತ್ತಲಿನ ದ್ರಾವಣದಲ್ಲಿ ಫಾಸ್ಫೇಟ್ ಇರಕೂಡದು. ಎರಡೂ ಅಳೆಯುವುದು ಫಾಸ್ಫೋಲಿಪಿಡ್ ಒಂದನ್ನೇ. ಕೊಲೆಸ್ಟರಾಲನ್ನು ಮೂಲ ಪ್ರಮಾಣದಿಂದ ಲೆಕ್ಕಹಾಕಿ ಕೂಡಿಸಿಕೊಳ್ಳಬೇಕು. 80 ಮಿ.ಗ್ರಾಂ ಹಾಕಿದ್ದರಲ್ಲಿ 70 ಉಳಿದಿದ್ದರೆ ಕೈ ಚೆನ್ನಾಗಿದೆ ಎಂದೇ ಲೆಕ್ಕ.

ಔಷಧ ತುಂಬುವುದು

10 ಮಿ.ಗ್ರಾಂ ಲಿಪಿಡ್‌ಗೆ 1 ಮಿ.ಗ್ರಾಂ ಡಾಕ್ಸೋರೂಬಿಸಿನ್. ಅದನ್ನು ಹೊರಗಿನ ಸುಕ್ರೋಸ್-ಹಿಸ್ಟಿಡಿನ್ ದ್ರಾವಣದಲ್ಲೇ ಮಿ.ಲೀ.ಗೆ 5 ಮಿ.ಗ್ರಾಂನಂತೆ ಕರಗಿಸಿ. ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ ಪಿಬಿಎಸ್‌ನಲ್ಲಿ ಕರಗಿಸಬೇಡಿ; ಗಾಢವಾದಾಗ ಗರಣೆಗಟ್ಟುತ್ತದೆ. ಔಷಧವನ್ನೂ ಲೈಪೋಸೋಮನ್ನೂ ಬೇರೆಬೇರೆಯಾಗಿ 65 ಡಿಗ್ರಿಗೆ 5 ನಿಮಿಷ ಕಾಯಿಸಿ, ಸೇರಿಸಿ, ನಡುನಡುವೆ ಮೆಲ್ಲಗೆ ಆಡಿಸುತ್ತ ಒಂದು ಗಂಟೆ ಇಟ್ಟು, ಗಡಿಯಾರ ಮುಗಿದ ಕೂಡಲೇ ಮಂಜುಗಡ್ಡೆಗೆ ಇಳಿಸಿ. ತಣಿಸುವುದೆಂದರೆ ಬಾಗಿಲಿಗೆ ಅಗುಳಿ ಹಾಕಿದಂತೆ: ಗೋಡೆ ಬಿಗಿಯಾಗಿ ಒಳಗಿನದು ಒಳಗೇ ನಿಲ್ಲುತ್ತದೆ.

ಡಾಕ್ಸೋರೂಬಿಸಿನ್ ಜೀವಕೋಶಗಳಿಗೆ ವಿಷ. ತೂಗುವಾಗ ಪುಡಿ ಹಾರದಂತೆ ಸುರಕ್ಷಾ ಕ್ಯಾಬಿನೆಟ್, ಎರಡು ಜತೆ ಗ್ಲೌಸ್. ತ್ಯಾಜ್ಯ ಸೈಟೋಟಾಕ್ಸಿಕ್ ಗುರುತಿನ ಹಳದಿ ಚೀಲಕ್ಕೆ. ಬೆಳಕಿಗೂ ಅದು ಕೆಡುತ್ತದೆ, ನಳಿಕೆಗೆ ಅಲ್ಯುಮಿನಿಯಂ ಹಾಳೆ ಸುತ್ತಿ.

ಹೊರಗುಳಿದ ಔಷಧ ತೆಗೆಯಲು 1 ಮಿ.ಲೀ. ಮಾಲನ್ನು ಸುಕ್ರೋಸ್ ದ್ರಾವಣದಲ್ಲಿ ತೊಳೆದ ಸೆಫಾಡೆಕ್ಸ್ ಜಿ-50 ಕಾಲಂಗೆ ಬಿಡಿ. ದೊಡ್ಡದಾದ ಲೈಪೋಸೋಮ್ ಮಣಿಗಳ ಸುತ್ತು ಬಳಸಿ ಮೊದಲು ಇಳಿಯುತ್ತದೆ, ಬಿಡಿ ಔಷಧ ಮಣಿಗಳೊಳಗೆ ಹೊಕ್ಕು ತಡವಾಗಿ ಬರುತ್ತದೆ. ಮೇಲೆ ಕೆಂಪು ಪಟ್ಟಿ ಉಳಿಯದೆ ಒಂದೇ ಪಟ್ಟಿ ಕೆಳಗಿಳಿದರೆ ಮುಖ ಅರಳಿಸಬಹುದು.

ಪ್ರಮಾಣ ಅಳೆಯಲು 50 ಮೈಕ್ರೋಲೀಟರ್ ಮಾದರಿಯನ್ನು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ ಶೇ. 90ರ ಐಸೋಪ್ರೊಪನಾಲ್‌ನಲ್ಲಿ ಒಡೆದು 480 ನ್ಯಾನೋಮೀಟರಿನಲ್ಲಿ ಓದಿ. ಹೋಲಿಕೆಯ ಗೆರೆಯೂ ಅದೇ ದ್ರಾವಕದಲ್ಲಿರಲಿ. ಬದಲಿಗೆ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಬಳಸುವವರು ನೆನಪಿಡಬೇಕು: ಎಚ್‌ಎಸ್‌ಪಿಸಿ-ಕೊಲೆಸ್ಟರಾಲ್ ಗೋಡೆ ತಣ್ಣಗಿದ್ದಾಗ ಟ್ರೈಟಾನ್‌ಗೂ ಬಗ್ಗದು, 60 ಡಿಗ್ರಿಗೆ ಕಾಯಿಸಿದರೆ ಮಾತ್ರ ಪೂರ್ತಿ ಒಡೆಯುತ್ತದೆ. ಲೈಪೋಸೋಮ್ ಪಟ್ಟಿಯಲ್ಲಿ ಸಿಕ್ಕ ಔಷಧವನ್ನು ಕಾಲಂಗೆ ಬಿಟ್ಟ ಒಟ್ಟು ಔಷಧದಿಂದ ಭಾಗಿಸಿ ನೂರರಿಂದ ಗುಣಿಸಿ. ಸಾಂದ್ರತೆಯನ್ನು ಹೋಲಿಸಬೇಡಿ, ತೂಕವನ್ನು ಹೋಲಿಸಿ. ಕಾಲಂನಲ್ಲಿ ಮಾಲು ತೆಳುವಾಗಿರುತ್ತದೆ. ಶೇ. 60 ಬಂದರೆ ಬಹುಪಾಲು ಡಯಾಲಿಸಿಸ್ ಸಾಲದೆ ಹೋಗಿದೆ. ಶೇ. 20 ಬಂದರೆ ತುಂಬುವಾಗ ಬಿಸಿ ಗಡಿ ದಾಟಿಲ್ಲ, ಅಥವಾ ಲೈಪೋಸೋಮ್ ಹಳೆಯದು.

ಗಾತ್ರ ಮತ್ತು ಶೇಖರಣೆ

100 ನ್ಯಾನೋಮೀಟರ್ ಪೊರೆಯಿಂದ ಬಂದದ್ದು ಬೆಳಕಿನ ಚದುರುವಿಕೆಯಿಂದ ಗಾತ್ರ ಅಳೆಯುವ ಡಿಎಲ್‌ಎಸ್ ಯಂತ್ರದಲ್ಲಿ 100ರಿಂದ 130ರ ನಡುವೆ ಬರುವುದು ಸಹಜ, ಗಾತ್ರದ ಏರುಪೇರು ತೋರುವ ಪಿಡಿಐ 0.1ರ ಸುತ್ತ. ಮಾದರಿಯನ್ನು ಶೇ. 10ರ ಸುಕ್ರೋಸ್‌ನಲ್ಲಿ ತೆಳುಮಾಡಿ, ಯಂತ್ರಕ್ಕೆ ನೀರಿನ ಸ್ನಿಗ್ಧತೆ ಕೊಟ್ಟುಬಿಟ್ಟರೆ ಗಾತ್ರ ಸುಮಾರು ಮೂರನೇ ಒಂದರಷ್ಟು ಉಬ್ಬಿ ಕಾಣುತ್ತದೆ. ಸುಕ್ರೋಸ್ ದ್ರಾವಣದ ಸ್ನಿಗ್ಧತೆಯನ್ನೇ ನಮೂದಿಸಿ. ದೂಳಿನ ಒಂದು ಕಣವೂ ಪಿಡಿಐ ಕೆಡಿಸುವುದರಿಂದ ತೆಳುಮಾಡುವ ದ್ರಾವಣವನ್ನು 0.22 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿರಬೇಕು.

2ರಿಂದ 8 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ. ಮಂಜಿನ ಹರಳು ಗೋಡೆ ಸೀಳುತ್ತದೆ. ತಿಂಗಳಿಗೊಮ್ಮೆ ಗಾತ್ರವನ್ನೂ ಹೊರಗೆ ಸೋರಿದ ಔಷಧವನ್ನೂ ಅಳೆಯಿರಿ. ಲಿಪಿಡ್ ಕೆಟ್ಟಿದೆಯೇ ಎಂಬ ಅನುಮಾನಕ್ಕೆ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಸಾಕು: ಕ್ಲೋರೋಫಾರಂ, ಮೆಥನಾಲ್, ನೀರು 65:25:4, ಅಯೋಡಿನ್ ಆವಿ. ಮುಖ್ಯ ಚುಕ್ಕೆಯ ಕೆಳಗೆ ಇನ್ನೊಂದು ಎದ್ದರೆ ಬಾಲ ಕತ್ತರಿಸಿದ ಲೈಸೋ ರೂಪ ಹುಟ್ಟಿದೆ.

ಹೊರಗಿನ ದ್ರಾವಣದ ಮಹತ್ವ ಆಸ್ಪತ್ರೆಯಲ್ಲೂ ಅಷ್ಟೇ. 2021ರ ಕಪ್ಪು ಶಿಲೀಂಧ್ರದ ದಿನಗಳಲ್ಲಿ ಕರ್ನಾಟಕವೂ ಸೇರಿ ದೇಶದೆಲ್ಲೆಡೆ ಕೊರತೆಯಾಗಿದ್ದ ಲೈಪೋಸೋಮಲ್ ಆಂಫೊಟೆರಿಸಿನ್-ಬಿ ಇದಕ್ಕೆ ಸಾಕ್ಷಿ. ಅದರ ಆಂಬಿಸೋಮ್ ಬ್ರ್ಯಾಂಡಿನ 50 ಮಿ.ಗ್ರಾಂ ಸೀಸೆಗೆ ಹಾಕಬೇಕಾದ್ದು 12 ಮಿ.ಲೀ. ಸ್ಟೆರೈಲ್ ನೀರು, ತೆಳುಮಾಡುವುದು ಶೇ. 5ರ ಡೆಕ್ಸ್‌ಟ್ರೋಸ್‌ನಲ್ಲಿ. ಸಲೈನ್ ಮುಟ್ಟಿಸಿದರೆ ಗಷ್ಟು ಕಟ್ಟುತ್ತದೆ.

ಜೀನ್ ಸಾಗಿಸುವ ಲೈಪೋಸೋಮ್

ಡಿಎನ್‌ಎಯನ್ನು ಚೀಲದೊಳಗೆ ತುಂಬುವ ಗೋಜು ಇಲ್ಲಿಲ್ಲ. ಡಿಎನ್‌ಎ ಋಣ, ಲಿಪಿಡ್ ಧನ. ಬೆರೆಸಿದರೆ ತಾವೇ ತಬ್ಬಿಕೊಂಡು ಲಿಪೋಪ್ಲೆಕ್ಸ್ ಎಂಬ ಕಣವಾಗುತ್ತವೆ. 1987ರಲ್ಲಿ ಫಿಲಿಪ್ ಫೆಲ್ಗ್ನರ್ ಮತ್ತು ಸಂಗಡಿಗರು ಡೋಟ್ಮಾ ಎಂಬ ಲಿಪಿಡ್‌ನಿಂದ ತೋರಿಸಿದ ದಾರಿ ಇದು. ಈಗ ಸುಲಭವಾಗಿ ಸಿಗುವುದು ಡೋಟ್ಯಾಪ್. ಜತೆಗೆ ಡೋಪ್ ಎಂಬ ಇನ್ನೊಂದು ಲಿಪಿಡ್ ಅನ್ನು ಸಮ ಮೋಲ್ ಹಾಕುತ್ತಾರೆ: ಅದರ ತಲೆ ಚಿಕ್ಕದು, ಬಾಲ ಅಗಲ, ಚಪ್ಪಟೆ ಗೋಡೆಯಾಗಿ ನಿಲ್ಲಲು ಅದಕ್ಕೆ ಇಷ್ಟವಿಲ್ಲ. ಕೋಶ ನುಂಗಿದ ಮೇಲೆ ಕಣವನ್ನು ಸುತ್ತಿಕೊಂಡ ಕೋಶದೊಳಗಿನ ಚೀಲದ, ಅಂದರೆ ಎಂಡೋಸೋಮಿನ, ಗೋಡೆಯನ್ನು ಕದಡಿ ಡಿಎನ್‌ಎಗೆ ಹೊರದಾರಿ ಮಾಡಿಕೊಡುವುದು ಈ ಗುಣವೇ.

ಡೋಟ್ಯಾಪ್ 3.5 ಮಿ.ಗ್ರಾಂ, ಡೋಪ್ 3.7 ಮಿ.ಗ್ರಾಂ, ತಲಾ 5 ಮೈಕ್ರೋಮೋಲ್. ಇಷ್ಟು ಕಡಿಮೆ ತೂಕವನ್ನು ನೇರ ತೂಗದೆ ಕ್ಲೋರೋಫಾರಂನಲ್ಲಿ ಮಿ.ಲೀ.ಗೆ 10 ಮಿ.ಗ್ರಾಂ ದ್ರಾವಣ ಮಾಡಿಟ್ಟುಕೊಂಡು ಅಳೆಯಿರಿ. ಮೇಲಿನಂತೆಯೇ ಪದರ ಹಿಡಿಸಿ, ಒಣಗಿಸಿ, 5 ಮಿ.ಲೀ. ನ್ಯೂಕ್ಲಿಯೇಸ್ (ಡಿಎನ್‌ಎ ಕತ್ತರಿಸುವ ಕಿಣ್ವ) ಇಲ್ಲದ ಶೇ. 5ರ ಗ್ಲೂಕೋಸ್ ದ್ರಾವಣ ಹಾಕಿ. ಎರಡೂ ಲಿಪಿಡ್‌ಗಳ ಗಡಿ ಸೊನ್ನೆಗಿಂತ ಕೆಳಗಿರುವುದರಿಂದ ಕೋಣೆಯ ಬಿಸಿಯೇ ಸಾಕು. ರಾತ್ರಿಯಿಡೀ 4 ಡಿಗ್ರಿಯಲ್ಲಿ ನೆನೆಯಲು ಬಿಟ್ಟು ಬೆಳಿಗ್ಗೆ 100 ನ್ಯಾನೋಮೀಟರ್ ಪೊರೆ ದಾಟಿಸಿ. ಪಿಬಿಎಸ್ ಬೇಡ, ಫಾಸ್ಫೇಟ್ ಧನ ಲಿಪಿಡ್‌ಗೆ ಅಂಟಿ ಕಣಗಳು ಗುಂಪುಗೂಡುತ್ತವೆ. ಈಗ ನಿಮ್ಮಲ್ಲಿರುವುದು 1 ಮಿಲಿಮೋಲಾರ್ ಡೋಟ್ಯಾಪ್. ಡೋಪ್‌ನ ಬಾಲದಲ್ಲಿ ಜೋಡಿಬಂಧವಿರುವುದರಿಂದ ಗಾಳಿಗೆ ಕಮಟುತ್ತದೆ, ಪ್ರತಿ ಹಂತದಲ್ಲೂ ಸಾರಜನಕ ಊದಿ.

ಎಷ್ಟು ಲಿಪಿಡ್‌ಗೆ ಎಷ್ಟು ಡಿಎನ್‌ಎ? 1 ಮೈಕ್ರೋಗ್ರಾಂ ಡಿಎನ್‌ಎಯಲ್ಲಿ ಸುಮಾರು 3 ನ್ಯಾನೋಮೋಲ್ ಫಾಸ್ಫೇಟ್ ಇದೆ. ಧನ-ಋಣ ಅನುಪಾತ 3 ಬೇಕಾದರೆ 9 ನ್ಯಾನೋಮೋಲ್ ಡೋಟ್ಯಾಪ್, ಅಂದರೆ 9 ಮೈಕ್ರೋಲೀಟರ್. 24 ವೆಲ್ ಪ್ಲೇಟಿನ ಒಂದು ಗುಳಿಗೆ 0.5 ಮೈಕ್ರೋಗ್ರಾಂ ಪ್ಲಾಸ್ಮಿಡ್‌ಗೆ 4.5 ಮೈಕ್ರೋಲೀಟರ್. ಮೊದಲ ಸಲ 1.5, 2, 3, 4, 6 ಹೀಗೆ ಐದು ಅನುಪಾತ ಹಾಕಿ. 1ರ ಆಸುಪಾಸು ತಪ್ಪಿಸಿ: ಧನ-ಋಣ ಸರಿಹೋಗಿ ಕಣಗಳನ್ನು ದೂರ ತಳ್ಳುವ ಬಲವೇ ಇಲ್ಲದಂತಾಗಿ, ಮೊಸರೊಡೆದಂತೆ ಕಣ್ಣಿಗೆ ಕಾಣುವ ಗಂಟುಗಳು ಬರುತ್ತವೆ.

ಕೋಶಕ್ಕೆ ಹೋಗುವ ಮೊದಲು ಶೇ. 1ರ ಅಗರೋಸ್ ಜೆಲ್ ಓಡಿಸಿ. ಬರಿ ಡಿಎನ್‌ಎ ಓಡುತ್ತದೆ. ಲಿಪಿಡ್ ಹಿಡಿದದ್ದು ಗುಳಿಯಲ್ಲೇ ನಿಲ್ಲುತ್ತದೆ. ಅನುಪಾತ 3ರಲ್ಲೂ ಡಿಎನ್‌ಎ ಓಡಿದರೆ ಲಿಪಿಡ್ ಲೆಕ್ಕ ತಪ್ಪಿದೆ ಅಥವಾ ಪ್ಲಾಸ್ಮಿಡ್ ದ್ರಾವಣದಲ್ಲಿ ಉಪ್ಪು ಹೆಚ್ಚಿದೆ.

ಹಿಂದಿನ ದಿನ ಗುಳಿಗೆ 50,000ದಿಂದ 1,00,000 ಎಚ್‌ಇಕೆ-293 ಕೋಶ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಮೂತ್ರಪಿಂಡದ ಕೋಶ) ಬಿತ್ತಿ, ಮರುದಿನ ಶೇ. 70ರಷ್ಟು ಹರಡಿರಬೇಕು. ಡಿಎನ್‌ಎಯನ್ನು 50 ಮೈಕ್ರೋಲೀಟರ್ ಸೀರಂ ಇಲ್ಲದ ಮಾಧ್ಯಮದಲ್ಲಿ, ಲಿಪಿಡ್ಡನ್ನು ಇನ್ನೊಂದು 50ರಲ್ಲಿ ತೆಳುಮಾಡಿ, ಒಂದೇ ಸಲಕ್ಕೆ ಸೇರಿಸಿ ಪಿಪೆಟ್ಟಿನಿಂದ ಎರಡು ಮೂರು ಸಲ ಮೇಲೆ ಕೆಳಗೆ ಮಾಡಿ. ಹನಿಹನಿಯಾಗಿ ಸೇರಿಸಿದರೆ ನಡುವೆ ಆ 1ರ ಅನುಪಾತವನ್ನು ಹಾದುಹೋಗಲೇಬೇಕಾಗುತ್ತದೆ. ವೋರ್ಟೆಕ್ಸ್ ಮಾಡಬೇಡಿ. 20 ನಿಮಿಷ ಬಿಟ್ಟು ಕೋಶಗಳ ಮೇಲೆ ಹಾಕಿ, 4ರಿಂದ 6 ಗಂಟೆಯ ಬಳಿಕ ಸೀರಂ ಇರುವ ಮಾಧ್ಯಮಕ್ಕೆ ಬದಲಿಸಿ, 24 ಮತ್ತು 48 ಗಂಟೆಗೆ ಪ್ಲಾಸ್ಮಿಡ್‌ನಲ್ಲಿಟ್ಟ ಜೀನ್ ಹುಟ್ಟಿಸುವ ಹಸಿರು ಹೊಳೆವ ಪ್ರೋಟೀನ್ (ಜಿಎಫ್‌ಪಿ) ನೋಡಿ. ಏನೂ ಹಾಕದ ಗುಳಿ, ಬರಿ ಡಿಎನ್‌ಎ, ಬರಿ ಲಿಪಿಡ್, ಮಾರುಕಟ್ಟೆಯ ಸಿದ್ಧ ಕಾರಕ, ಈ ನಾಲ್ಕೂ ಪಕ್ಕದಲ್ಲಿ ಇರಲೇಬೇಕು. ಕೋಶಗಳು ದುಂಡಗಾಗಿ ಎದ್ದರೆ ಬರಿ ಲಿಪಿಡ್ ಗುಳಿ ನೋಡಿ: ಅಲ್ಲೂ ಸತ್ತಿದ್ದರೆ ಡೋಟ್ಯಾಪ್ ಪ್ರಮಾಣ ಇಳಿಸಿ, ಅಲ್ಲಿ ಚೆನ್ನಾಗಿದ್ದರೆ ಪ್ಲಾಸ್ಮಿಡ್‌ನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇದೆಯೇ ಎಂದು ಪರೀಕ್ಷಿಸಿ. ಕೋಶಗಳೆಲ್ಲ ಬದುಕಿದ್ದು ಹಸಿರು ಕಾಣದಿದ್ದರೆ ಮಾಧ್ಯಮದಲ್ಲಿ ಸೀರಂ ಉಳಿದಿತ್ತೇ ನೋಡಿ. ಅದರ ಋಣ ಪ್ರೋಟೀನುಗಳು ಡಿಎನ್‌ಎಗಿಂತ ಮೊದಲೇ ಲಿಪಿಡ್‌ಗೆ ಅಂಟಿರುತ್ತವೆ.

ಎಂಆರ್‌ಎನ್‌ಎ ಲಸಿಕೆಗಳಲ್ಲೂ 2018ರಲ್ಲಿ ಒಪ್ಪಿಗೆ ಪಡೆದ ಆರ್‌ಎನ್‌ಎ ಔಷಧ ಆನ್‌ಪಾಟ್ರೊದಲ್ಲೂ ಇರುವುದು ಇದಲ್ಲ, ಲಿಪಿಡ್ ನ್ಯಾನೋಕಣ. ಅದರ ಲಿಪಿಡ್ ಹುಳಿಯಲ್ಲಿ ಮಾತ್ರ ಧನ, ರಕ್ತದ ಪಿಎಚ್‌ನಲ್ಲಿ ಹೆಚ್ಚುಕಡಿಮೆ ತಟಸ್ಥ. ಎಥನಾಲ್‌ನಲ್ಲಿ ಕರಗಿದ ಲಿಪಿಡ್ ಒಂದು ಪಾಲು, ಪಿಎಚ್ 4ರ ಆರ್‌ಎನ್‌ಎ ದ್ರಾವಣ ಮೂರು ಪಾಲು, ಮೈಕ್ರೋಫ್ಲೂಯಿಡಿಕ್ ಕಾಲುವೆಯಲ್ಲಿ ಕ್ಷಣದಲ್ಲಿ ಬೆರೆತು ಕಣವಾಗುತ್ತವೆ. ಡೋಟ್ಯಾಪ್ ತಟ್ಟೆಯ ಮೇಲಿನ ಕೋಶಗಳಿಗೆ ಸಾಕು. ರಕ್ತಕ್ಕೆ ಬಿಟ್ಟರೆ ಪ್ರೋಟೀನುಗಳು ಮುತ್ತಿಕೊಂಡು ಶ್ವಾಸಕೋಶದ ಸಣ್ಣ ನಾಳಗಳಲ್ಲೇ ಬಹುಪಾಲು ಸಿಕ್ಕಿಬೀಳುತ್ತದೆ.

ಬರಿ ಡೋಟ್ಯಾಪ್-ಡೋಪ್ ಲೈಪೋಸೋಮ್ 4 ಡಿಗ್ರಿಯಲ್ಲಿ ಕೆಲವು ವಾರ ನಿಲ್ಲುತ್ತದೆ, ಬಳಸುವ ಮುನ್ನ ಗಾತ್ರ ನೋಡಿಕೊಂಡರೆ ಸಾಕು. ಡಿಎನ್‌ಎ ಬೆರೆಸಿದ್ದನ್ನು ಇಡುವಂತಿಲ್ಲ. 20 ನಿಮಿಷಕ್ಕೆ ಹದವಾಗಿದ್ದ ಕಣ ಗಂಟೆ ಕಳೆಯುವುದರೊಳಗೆ ಒಂದಕ್ಕೊಂದು ಅಂಟಿ ದಪ್ಪವಾಗಿರುತ್ತದೆ. ಅದನ್ನು ಚೆಲ್ಲಿ ಹೊಸದಾಗಿ ಬೆರೆಸಿ.